ಬದುಕಿರುವವರ ಪ್ರದರ್ಶನದಲ್ಲಿ ಚಿಕ್ಕಪ್ಪ ಸತ್ತದ್ದು

ಕಾಟ್‌ವೈಕ್, ಏಪ್ರಿಲ್ ೧೨, ೧೮೮೩

ಪ್ರೀತಿಯ ಅಲೀಡಾ,

ಈ ಕಾಗದದ ಮೂಲೆಯಲ್ಲಿರುವ ಕಪ್ಪು ಹೆಬ್ಬೆರಳು ನನ್ನದು. ನಿನ್ನ ಪತ್ರ ಬಂದಾಗ ದೋಣಿಯ ಹೊಟ್ಟೆಗೆ ಟಾರು ಬಳಿಯುತ್ತಿದ್ದೆ, ಕೈ ತೊಳೆಯುವಷ್ಟು ತಾಳ್ಮೆ ಇರಲಿಲ್ಲ. ಬ್ರಸೆಲ್ಸ್‌ನಲ್ಲಿ ಇಂಥದ್ದಕ್ಕೂ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರಂತೆ. ಬೇಕಾದರೆ ನಿನ್ನದೆಂದೇ ಮಾರಿಕೊ.

ದಡಕ್ಕೆ ಎಳೆದ ದೋಣಿ ಯಾವ ಕಡೆ ವಾಲುತ್ತದೆ ಎಂದು ಕೇಳಿದ್ದೀಯ. ನಮ್ಮ ದೋಣಿಗಳ ತಳ ಚಪ್ಪಟೆ, ಅವು ಎಲ್ಲಿಯೂ ವಾಲುವುದಿಲ್ಲ. ಹೊಟ್ಟೆ ತುಂಬ ಉಂಡ ಪಾದ್ರಿಯ ಹಾಗೆ ಮರಳ ಮೇಲೆ ಕೂತುಬಿಡುತ್ತವೆ. ಹೋದ ಬೇಸಿಗೆಯಲ್ಲಿ ನನ್ನ ದೋಣಿಯ ಮುಂದೆಯೇ ಮುಕ್ಕಾಲಿ ಹಾಕಿಕೊಂಡು ಅಷ್ಟು ಹಾಳೆ ಗೀಚಿದೆಯಲ್ಲ, ಇದನ್ನು ನೋಡಲಿಲ್ಲವೇ? ತಪ್ಪು ನಿನ್ನದಲ್ಲ ಬಿಡು. ನಿಮ್ಮಪ್ಪ ನನ್ನ ಒಡಹುಟ್ಟಿದ ಅಣ್ಣನೇ ಆದರೂ ಅಲೆಗೆ ಹೆದರಿ ಲೈಡನ್ ಪೇಟೆ ಸೇರಿದ, ಪುಸ್ತಕಕ್ಕೆ ರಟ್ಟು ಕಟ್ಟುತ್ತಾ ಕೂತ. ಪೇಟೆಯಲ್ಲಿ ಹುಟ್ಟಿದ ನಿನಗೆ ಸಮುದ್ರ ಎಂದರೆ ಬೇಸಿಗೆಯ ರಜೆ.

ಈಗ ಮುಖ್ಯ ಮಾತು. ಆಳೆತ್ತರದ ಚಿತ್ರ ಎಂದಿದ್ದೀಯ. ಹಾಗಾದರೆ ದೋಣಿಯ ಹೆಸರೂ ನಂಬರೂ ಇಗರ್ಜಿಯ ಆ ಬಾಗಿಲಿನಿಂದ ಈ ಬಾಗಿಲಿಗೆ ಕಾಣುವಂತಿರಬೇಕು. ‘ಯುವಕ ಕ್ರೈನ್, ಕಾಟ್‌ವೈಕ್ ೧೯.’ ಯುವಕನಿಗೆ ಅರವತ್ತಾಯಿತು ಎಂದು ನಗಬೇಡ. ನಮ್ಮಪ್ಪ ಕಂಡವರ ದೋಣಿಯಲ್ಲಿ ಹಗ್ಗ ಎಳೆದ, ಅವನಪ್ಪನೂ ಎಳೆದ. ಈ ಮರಳಿನ ಮೇಲೆ ತನ್ನ ದೋಣಿಗೆ ತಾನೇ ಒಡೆಯ, ತಾನೇ ನಾಯಕ ಆದ ಮೊದಲ ಹಾಸ್‌ನೋಟ್ ನಾನು. ಸಾಹುಕಾರರ ಆಳುಗಳು ನನ್ನ ದೋಣಿಯ ಪಕ್ಕ ಹಾದುಹೋಗುವಾಗ ಮರ್ಯಾದೆಗೆ ಟೋಪಿ ಮುಟ್ಟುತ್ತಾರೆ. ನಿನ್ನ ಚಿಕ್ಕಮ್ಮ ನೇಲ್ಚೆ ಹೇಳುವುದು, ಅದು ಗಾಳಿಗೆ ಟೋಪಿ ಹಾರದಿರಲಿ ಅಂತ. ಅವಳ ಮಾತು ಬರೆದುಕೊಳ್ಳಬೇಡ.

ನನ್ನನ್ನು ದೋಣಿಯ ಮೂತಿಯ ಮೇಲೆ, ಸೊಂಟಕ್ಕೆ ಕೈಯಿಟ್ಟು ನಿಲ್ಲಿಸು. ನೌಕಾಸೇನಾಪತಿಗಳು ಹಾಗೇ ನಿಲ್ಲುವುದು.

ನಿನ್ನ ಚಿಕ್ಕಪ್ಪ
ಕ್ರೈನ್ ಹಾಸ್‌ನೋಟ್


ಬ್ರಸೆಲ್ಸ್, ಏಪ್ರಿಲ್ ೨೯, ೧೮೮೩

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಹೆಬ್ಬೆರಳನ್ನು ಕಿಟಕಿಯ ಪಕ್ಕ ಅಂಟಿಸಿದ್ದೇನೆ. ನಮ್ಮ ಗುರುಗಳು ಬಂದವರು ಅದನ್ನು ಬಹಳ ಹೊತ್ತು ನೋಡಿ, "ಇದು ಯಾರ್ದು? ಕೈ ಪಳಗಿದೆ" ಎಂದರು. ನಿಮಗೆ ಹೇಳಬಾರದು ಎಂದುಕೊಂಡಿದ್ದೆ, ಇನ್ನು ನಿಮ್ಮನ್ನು ಹಿಡಿಯುವವರಿಲ್ಲ.

ಚಿತ್ರ ಮುಗಿಯಿತು. ದೋಣಿ ಉಂಡ ಪಾದ್ರಿಯ ಹಾಗೆಯೇ ಕೂತಿದೆ. ಹೆಸರು, ನಂಬರು ಕೋಣೆಯ ಆ ತುದಿಯಿಂದ ಓದಬಹುದು. "ಇದೇನು ಅಂಗಡಿ ಬೋರ್ಡಾ?" ಎಂದು ಗುರುಗಳು ಗೊಣಗಿದರು. ನಮ್ಮ ಚಿಕ್ಕಪ್ಪ ನನ್ನನ್ನು ಹೆರಿಂಗ್ ಮೀನಿನ ಹಾಗೆ ಸೀಳಿ ಉಪ್ಪು ತುಂಬುತ್ತಾರೆ ಎಂದೆ. ನೀವೂ ಚಿತ್ರದಲ್ಲಿ ಇದ್ದೀರಿ. ಎಲ್ಲಿ ಎಂದು ನೀವೇ ಹುಡುಕಿಕೊಳ್ಳಿ. ಚಿತ್ರದ ಚೆಲುವಿಗಾಗಿ ಒಂದೇ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಅದನ್ನೂ ಹೇಳುವುದಿಲ್ಲ, ನೋಡಿದರೆ ಖುಷಿಪಡುತ್ತೀರಿ.

ಇದು ಹೇಗ್ ಪಟ್ಟಣದ ‘ಬದುಕಿರುವ ಚಿತ್ರಕಾರರ ಪ್ರದರ್ಶನ’ಕ್ಕೆ ಹೋಗುತ್ತಿದೆ. ಮಾರಾಟವಾದರೆ ಮುಂದೆಯೂ ಬರೆಯುತ್ತಾ ಇರಬಹುದು. ಆಗದಿದ್ದರೂ ಚಿಂತೆಯಿಲ್ಲ. ಜುಟ್‌ಫೆನ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುವ ಕೆಲಸ ಸೆಪ್ಟೆಂಬರಿನಿಂದ ಕಾಯುತ್ತಿದೆ. ಹೂದಾನಿ, ಸೇಬು, ಮತ್ತೆ ಹೂದಾನಿ. ಅಲ್ಲಿ ಪ್ಲಮ್ ಮರಗಳು ಬಹಳ ಚೆನ್ನಾಗಿವೆಯಂತೆ.

ನಿಮ್ಮ
ಅಲೀಡಾ


ಕಾಟ್‌ವೈಕ್, ಜೂನ್ ೯, ೧೮೮೩

ಪ್ರೀತಿಯ ಅಲೀಡಾ,

ಹೆರಿಂಗ್ ಕಾಲ ಬಂತು. ಬಲೆ ಕಂದುಬಣ್ಣದಲ್ಲಿ ಅದ್ದಿ ಒಣಗಿಸಿ ಆಯಿತು, ಪೀಪಾಯಿ ಏರಿಸಿ ಆಯಿತು. ನಾಳಿದ್ದು ಭರತದ ನೀರು ಏರಿದಾಗ ಸ್ಕಾಟ್ಲೆಂಡ್ ಕಡೆ ಹೊರಡುತ್ತೇವೆ. ನಿನ್ನ ಚಿತ್ರ ನೋಡಲು ಹೇಗ್‌ಗೆ ಹೋಗಲಾಗಲಿಲ್ಲ. ನೋಡುವುದೇನಿದೆ, ಪ್ರತಿದಿನ ಅಸಲಿಯನ್ನೇ ನೋಡುತ್ತೇನಲ್ಲ.

ನೀನು ಮಾಡಿದ ಸಣ್ಣ ಬದಲಾವಣೆ ಏನೆಂದು ನನಗೆ ಗೊತ್ತಾಗಿಹೋಯಿತು. ನನ್ನ ಎತ್ತರ ಹೆಚ್ಚಿಸಿದ್ದೀಯ. ತಪ್ಪಿಲ್ಲ.

ಜುಟ್‌ಫೆನ್ ಬಗ್ಗೆ ಬರೆದಿದ್ದೀಯ. ಪ್ಲಮ್ ಹಣ್ಣು ನನಗೂ ಇಷ್ಟ. ನಿನಗೆ ಅಲ್ಲಿಗೆ ಹೋಗುವ ಮನಸ್ಸಿದೆ ಎಂದು ತಿಳಿದು ಸಂತೋಷವಾಯಿತು, ಆದರೆ ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಮೊದಲೇ ಹೇಳಿದ್ದೇನೆ.

ನಾನು ಹಿಂತಿರುಗುವ ತನಕ ಬಂದ ಕಾಗದಗಳನ್ನು ಇಗರ್ಜಿಯ ಗಂಟೆ ಬಾರಿಸುವ ಲೇಂಡರ್ಟ್ ನಿನ್ನ ಚಿಕ್ಕಮ್ಮನಿಗೆ ಓದಿ ಹೇಳುತ್ತಾನೆ. ಅವಳಿಗೆ ಓದು ಬರುವುದಿಲ್ಲ, ಅವನಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ನೋಡಿಕೊಂಡು ಬರೆ.

ಕ್ರೈನ್


ಬ್ರಸೆಲ್ಸ್, ಜುಲೈ ೧೦, ೧೮೮೩

ಪ್ರೀತಿಯ ಚಿಕ್ಕಪ್ಪ,

ನೀವು ಇದನ್ನು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ನಿಮಗೆ ಹೇಳದೆ ಇರಲಾರೆ. ಆಂಟ್‌ವರ್ಪ್‌ನ ವೆರ್ಲಿಂಡೆನ್ ಎಂಬ ದೊಡ್ಡ ವರ್ತಕರು ನಮ್ಮ ಚಿತ್ರವನ್ನು ಕೊಳ್ಳುತ್ತಾರೆ! ಅಷ್ಟೇ ಅಲ್ಲ, ಇನ್ನೂ ಎಂಟು ಕಡಲತೀರದ ಚಿತ್ರಗಳನ್ನು ಬರೆದುಕೊಡು ಎಂದಿದ್ದಾರೆ. ಪ್ರದರ್ಶನ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ತೆಗೆದುಕೊಂಡು ಹೋಗುತ್ತಾರೆ.

ನಾನು ಹೇಳಿದ ಸಣ್ಣ ಬದಲಾವಣೆಯೇ ಅವರನ್ನು ಹಿಡಿದು ನಿಲ್ಲಿಸಿದ್ದು. ಆಕಾಶ ಬೂದಿ, ಮರಳು ಬೂದಿ, ನೀರು ಬೂದಿ, ಏನು ಮಾಡಿದರೂ ಜೀವ ಬರುತ್ತಿರಲಿಲ್ಲ. ಕೊನೆಗೆ ದೋಣಿಯ ಅಂಚಿನ ಕೆಳಗಿನ ಆ ಬಿಳಿ ಪಟ್ಟಿಯನ್ನು ನೀಲಿ ಮಾಡಿದೆ. ಒಂದೇ ನೀಲಿ ಪಟ್ಟಿ, ಇಡೀ ಚಿತ್ರ ಉಸಿರಾಡಿತು. ಎಲ್ಲರೂ ಆ ನೀಲಿಯ ಮಾತೇ ಆಡುತ್ತಿದ್ದಾರೆ.

ಚಿಕ್ಕಮ್ಮನಿಗೆ ನನ್ನ ಮುತ್ತು. ಅವರು ಈಗ ಎಷ್ಟು ಸಂತೋಷಪಡುತ್ತಿರಬಹುದು ಎಂದು ಊಹಿಸಿಕೊಳ್ಳುತ್ತಿದ್ದೇನೆ.

ಅಲೀಡಾ


ಕಾಟ್‌ವೈಕ್, ಆಗಸ್ಟ್ ೯, ೧೮೮೩

ಅಲೀಡಾ,

ಸತ್ತವನ ಕಾಗದ ಇದು. ಕುರ್ಚಿಯಲ್ಲಿ ಕೂತು ಓದು.

ನಿನ್ನೆ ಬೆಳಿಗ್ಗೆ ಪೀಪಾಯಿ ತುಂಬ ಮೀನು ಹೊತ್ತು ದಡಕ್ಕೆ ಬಂದೆವು. ಎಂದಿನಂತೆ ಬುಟ್ಟಿ ಹಿಡಿದು ಹೆಂಗಸರು ನೀರಿನಂಚಿಗೆ ಓಡಿ ಬರಲಿಲ್ಲ. ಬಂದವರು ನನ್ನನ್ನು ನೋಡಿ ಬುಟ್ಟಿ ಕೆಳಗೆ ಹಾಕಿ ಹಿಂದೆ ಓಡಿದರು. ನನ್ನ ಗಡ್ಡ ಬೆಳೆದಿದೆ, ನಿಜ, ಆದರೆ ಅಷ್ಟೇನೂ ಅಲ್ಲ. ಮನೆ ಬಾಗಿಲಿಗೆ ಬಂದರೆ ಕಿಟಕಿಗೆಲ್ಲ ಪರದೆ. ಒಳಗೆ ನಿನ್ನ ಚಿಕ್ಕಮ್ಮ ತಲೆಯಿಂದ ಕಾಲಿನವರೆಗೆ ಕಪ್ಪು. ನನ್ನನ್ನು ಕಂಡು ಮೂರ್ಛೆ ಹೋಗುತ್ತಾಳೆ ಅಂತ ಕೈ ಚಾಚಿದೆ.

"ಅಯ್ಯೋ ಕ್ರೈನ್, ನಿನ್ನ ಭಾನುವಾರದ ಪ್ಯಾಂಟು ದಾನ ಕೊಟ್ಟುಬಿಟ್ನಲ್ಲೋ!" ಎಂದಳು.

ಆಮೇಲೆ ಅತ್ತಳು. ಆಮೇಲೆ ಹೊಡೆದಳು. ಆಮೇಲೆ ವಿಷಯ ಹೊರಬಂತು.

ನಿನಗೆ ಗೊತ್ತಿಲ್ಲ, ಗೊತ್ತಿರಬೇಕಾಗಿತ್ತು, ನಿಮ್ಮಪ್ಪನ ಮುಖಕ್ಕಿಷ್ಟು ರಟ್ಟು ಬಡಿಯ. ನಮ್ಮ ತೀರದಲ್ಲಿ ದೋಣಿಯ ಒಡೆಯ ಸತ್ತರೆ ಆ ಬಿಳಿ ಪಟ್ಟಿಗೆ ನೀಲಿ ಬಳಿಯುತ್ತಾರೆ. ವರ್ಷದ ತನಕ ದೋಣಿ ನೀಲಿಯಲ್ಲಿ ಇರುತ್ತದೆ. ಹೆಂಡತಿ ಕಪ್ಪು ಉಡುತ್ತಾಳೆ, ದೋಣಿ ನೀಲಿ ಉಡುತ್ತದೆ. ವರ್ಷ ಕಳೆದ ಮೇಲೆ ಮತ್ತೆ ಬಿಳಿ.

ಮೀನು ಮಾರುವ ಗ್ರೀಟ್ ಜುಲೈ ಮೊದಲಲ್ಲಿ ಹೇಗ್‌ಗೆ ಹೋಗಿದ್ದಳು. ಪ್ರದರ್ಶನದ ಕಾವಲುಗಾರ ಅವಳ ಹತ್ತಿರ ಮೀನು ಕೊಳ್ಳುವವನು. "ಬಾರಮ್ಮಾ, ನಿಮ್ಮೂರಿನ ದೋಣಿ ಒಳಗೈತೆ ನೋಡ್ಹೋಗು" ಎಂದು ಕರೆದುಕೊಂಡು ಹೋಗಿದ್ದಾನೆ. ನೋಡುತ್ತಾಳೆ, ‘ಯುವಕ ಕ್ರೈನ್, ಕಾಟ್‌ವೈಕ್ ೧೯’, ಇಗರ್ಜಿಯ ಆ ಬಾಗಿಲಿಂದ ಈ ಬಾಗಿಲಿಗೆ ಕಾಣುವಷ್ಟು ದೊಡ್ಡದಾಗಿ. ಅದರ ಮೇಲೆ ನೀಲಿ ಪಟ್ಟಿ! ಅದೇ ವಾರ ಇಂಗ್ಲೆಂಡ್ ಕಡೆ ಬಿರುಗಾಳಿ ಎದ್ದಿತ್ತು. ಗ್ರೀಟ್ ಬುಟ್ಟಿಯನ್ನು ಅಲ್ಲೇ ಬಿಟ್ಟು ಮರಳಿನ ದಿಣ್ಣೆಗಳ ಮೇಲೆ ಊರಿನ ತನಕ ಓಡಿ ಬಂದಿದ್ದಾಳೆ. "ಬ್ರಸೆಲ್ಸ್‌ಗೆ ತಂತಿ ಮೊದ್ಲು ಬರುತ್ತೆ ಕಣ್ರೇ! ಅಣ್ಣನ ಮಗಳು ದುಃಖ ತಡೀಲಾರ್ದೆ ಚಿತ್ರದಾಗೇ ಬಳಿದುಬಿಟ್ಟವಳೆ!"

ಸತ್ತವನು ಒಡೆಯ ಮಾತ್ರ ಎಂದು ತಿಳಿದು ಉಳಿದವರ ಹೆಂಡಂದಿರಿಗೆ ನಿರಾಳ. ಆ ನಿರಾಳದಲ್ಲಿ ನಿನ್ನ ಚಿಕ್ಕಮ್ಮನನ್ನು ಬಹಳ ಚೆನ್ನಾಗಿ ಸಮಾಧಾನಪಡಿಸಿದರಂತೆ.

ಆದರೂ ಅವಳು ನಂಬಿರಲಿಲ್ಲ. "ಅವನಾ? ಅವನು ಸತ್ರೆ ಅವನೇ ಬಂದು ಹೇಳ್ತಿದ್ದ, ಹೇಳದೆ ಇರೋ ಜಾತಿ ಅಲ್ಲ" ಎಂದಿದ್ದಳಂತೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಲೇಂಡರ್ಟ್ ಮೇಜಿನ ಸುತ್ತ ಕೂತ ಹೆಂಗಸರ ಮುಂದೆ ಗಂಟಲು ಸರಿಮಾಡಿಕೊಂಡು ಓದಿದ: "ಪ್ರೀತಿಯ ಚಿಕ್ಕಪ್ಪ, ನೀವು ಇದನ್ನು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ." ಅಲ್ಲಿಗೆ ಮುಗಿಯಿತು. ಇಡೀ ಮನೆ ಗೋಳೋ ಎಂದಿತು. ಮುಂದಿನ ಸಾಲುಗಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಚಿಕ್ಕಮ್ಮ ಸಂತೋಷಪಡುತ್ತಿರಬಹುದು ಎಂಬ ಕಡೆ ಮಾತ್ರ ಗ್ರೀಟ್ ತಲೆಯೆತ್ತಿ, "ಪಾಪ, ಹುಡುಗೀಗೆ ತಲೆ ಕೆಟ್ಟೈತೆ" ಎಂದಳಂತೆ.

ನನ್ನ ಹೆಸರಿನಲ್ಲಿ ಕೀರ್ತನೆ ಹಾಡಿದ್ದಾರೆ. ಕಾಫಿ ಕುಡಿದಿದ್ದಾರೆ, ಸಕ್ಕರೆ ಹಾಕಿದ ಬನ್ನು ತಿಂದಿದ್ದಾರೆ. ಪಾದ್ರಿಗಳು "ಕ್ರೈನ್ ಮಿತಭಾಷಿ ಅಲ್ಲದಿದ್ದರೂ ಸಜ್ಜನ" ಎಂದಿದ್ದಾರೆ. ಮೊದಲರ್ಧ ಬಿಟ್ಟರೆ ಒಳ್ಳೆಯ ಭಾಷಣ. ಬದುಕಿರುವವರ ಪ್ರದರ್ಶನದಲ್ಲಿ ಸತ್ತವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು.

ಇಷ್ಟಾಗಿದ್ದರೆ ನಕ್ಕು ಮುಗಿಸಬಹುದಿತ್ತು. ಈಗ ನಗದ ಭಾಗ ಕೇಳು. ಮೀನು ಇಳಿಸಿ ಮುಗಿದ ಮೇಲೆ ನಮ್ಮ ಚುಕ್ಕಾಣಿಯ ತೂನಿಸ್ ತನ್ನ ಚೀಲ ದಡಕ್ಕೆ ಒಗೆದ. ಅವನ ಹಿಂದೆ ಉಳಿದವರದ್ದೂ.

"ನೀನು ಬದುಕಿರೋದು ಸಂತೋಷನೇ ಕಣೋ ಕ್ರೈನ್. ಆದ್ರೆ ಹೆಣಕ್ಕಿಂತ ಮುಂಚೆ ನೀಲಿ ಬಂದ್ರೆ ಹೆಣ ಹಿಂದೇನೇ ಬರುತ್ತೆ. ಅದು ಬರೋವಾಗ ನಾವ್ಯಾರೂ ಆ ದೋಣೀಲಿ ಇರಲ್ಲ."

"ಬಟ್ಟೆ ಮೇಲೆ ಬಳಿದ ಬಣ್ಣ ಕಣಯ್ಯ ಅದು!"

"ಬಣ್ಣ ಬಣ್ಣನೇ. ಚಿತ್ರದಿಂದ ನೀಲಿ ಹೋಗ್ಬೇಕು, ಇಲ್ಲಾ ಒಡೆಯ ಹೋಗ್ಬೇಕು. ಎರಡ್ರಲ್ಲಿ ಒಂದು. ಆಮೇಲೆ ಹೇಳು, ಬತ್ತೀವಿ."

ಪಾದ್ರಿಗಳು ಬಂದು ಇದು ಮೂಢನಂಬಿಕೆ ಎಂದು ಹೇಳಿಹೋದರು. ಪಾದ್ರಿಗಳ ಮಾತಿಗೆ ಹಾಯಿ ಏರುವುದಿಲ್ಲ. ಈ ದಡದಲ್ಲಿ ಬೇರೆ ಯಾವನೂ ನನ್ನ ಹಗ್ಗ ಮುಟ್ಟುವುದಿಲ್ಲ. ಹೆರಿಂಗ್ ಇನ್ನೂ ಓಡುತ್ತಿದೆ, ನನ್ನ ದೋಣಿ ಮರಳ ಮೇಲೆ ಕೂತಿದೆ. ಈ ಕಾಲ ಹೀಗೆಯೇ ಕಳೆದರೆ ಚಳಿಗಾಲಕ್ಕೆ ದೋಣಿಯನ್ನು ಸಾಹುಕಾರರಿಗೆ ಬಿಟ್ಟುಕೊಡಬೇಕು.

ಮಗಳೇ, ಆ ಪಟ್ಟಿಯನ್ನು ಬಿಳಿ ಮಾಡಿಬಿಡು. ಒಂದು ಬೆರಳಗಲದ ಬಣ್ಣ, ನಿನಗೇನು ಲೆಕ್ಕ. ನಾನು ಯಾರ ಹತ್ತಿರವೂ ಇಷ್ಟು ಸಣ್ಣ ದನಿಯಲ್ಲಿ ಏನನ್ನೂ ಕೇಳಿದವನಲ್ಲ.

ಕ್ರೈನ್


ಬ್ರಸೆಲ್ಸ್, ಆಗಸ್ಟ್ ೧೩, ೧೮೮೩

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಚಿಕ್ಕಮ್ಮನ ಕಾಲು ಹಿಡಿದು ಕ್ಷಮೆ ಕೇಳಿದೆನೆಂದು ಹೇಳಿ. ನಿಮ್ಮ ಪ್ಯಾಂಟು ನಾನು ಕೊಡಿಸುತ್ತೇನೆ.

ಪಟ್ಟಿ ಬಿಳಿಯಾಗುತ್ತದೆ. ಇಪ್ಪತ್ತೈದನೆಯ ತಾರೀಖು ಹೇಗ್‌ಗೆ ಬರುತ್ತೇನೆ, ಒಳಗೆ ಕೂತು ಬಣ್ಣ ಬದಲಿಸಲು ಅನುಮತಿ ಕೇಳಿ ಬರೆದಿದ್ದೇನೆ. ಅರ್ಧ ಗಂಟೆಯ ಕೆಲಸ. ವೆರ್ಲಿಂಡೆನ್ ಅವರಿಗೂ ಬರೆದಿದ್ದೆ, ಅವರು ಮರುಟಪಾಲಿಗೇ ಉತ್ತರ ಕೊಟ್ಟಿದ್ದಾರೆ. ಬಹಳ ಸಭ್ಯವಾದ ಕಾಗದ. ನೀವು ಅದರ ಬಗ್ಗೆ ಯೋಚಿಸಬೇಡಿ. ದೋಣಿ ಹೊರಡಲಿ, ಅದೇ ಮುಖ್ಯ.

ಜುಟ್‌ಫೆನ್‌ನ ಪ್ಲಮ್ ಹಣ್ಣು ಸೆಪ್ಟೆಂಬರಿನಲ್ಲೇ ಮಾಗುವುದಂತೆ. ಒಂದು ಬುಟ್ಟಿ ಕಳಿಸುತ್ತೇನೆ.

ಅಲೀಡಾ


ಕಾಟ್‌ವೈಕ್, ಆಗಸ್ಟ್ ೨೧, ೧೮೮೩

ಅಲೀಡಾ,

ಕುಂಚ ಕೆಳಗಿಡು. ಈ ಕಾಗದ ಪೂರ್ತಿ ಓದುವ ತನಕ ಮುಟ್ಟಬೇಡ.

ನಿನ್ನ ಕಾಗದದಲ್ಲಿ ಪ್ಲಮ್ ಹಣ್ಣು ಎರಡನೆಯ ಸಲ ಬಂತು. ನಾಲ್ಕು ಚಳಿಗಾಲ ಮಾತ್ರ ಶಾಲೆಗೆ ಹೋದವನಾದರೂ ಎರಡನೆಯ ಸಲ ಬಂದ ಪ್ಲಮ್ ಹಣ್ಣನ್ನು ಓದಲು ನನಗೆ ಬರುತ್ತದೆ. ಮೊದಲನೆಯ ಸಲವೇ ಓದಲು ಬರಬೇಕಿತ್ತು, ಆ ಶಾಲೆಗೆ ಹೋಗುವ ಮನಸ್ಸು ನಿನಗಿಲ್ಲವೆಂದು. ಗ್ರೀಟ್ ಜೊತೆ ಹೇಗ್‌ಗೆ ನಡೆದುಬಿಟ್ಟೆ. ದಾರಿಯುದ್ದಕ್ಕೂ ಅವಳು ನನ್ನಿಂದ ಎರಡು ಮಾರು ದೂರ. "ಸತ್ತೋರ ಜೊತೆ ನಡೆದ್ರೆ ಮೀನು ಬೇಗ ಹಳಸುತ್ತೆ" ಅಂತೆ.

ಪ್ರದರ್ಶನದ ಕಾವಲುಗಾರ ನನ್ನನ್ನು ನೋಡಿ, "ಯಾರು ನೀವು?" ಎಂದ.

"ಒಳಗಿರೋ ದೋಣಿಗೆ ಒಡೆಯ" ಎಂದೆ. ಒಳಗೆ ಬಿಟ್ಟ.

ಅಲೀಡಾ, ನಾನು ಮಾತಿಗೆ ತಡಕಾಡಿದವನಲ್ಲ, ನಿನಗೆ ಗೊತ್ತು. ಅಲ್ಲಿ ತಡಕಾಡಿದೆ. ಮಳೆ ಬಂದು ಹೋದ ಮೇಲಿನ ನಮ್ಮ ಮರಳು, ಕುದುರೆಯ ಹೆಜ್ಜೆಯಲ್ಲಿ ನಿಂತ ನೀರು, ಆ ನೀರಲ್ಲೂ ಒಂದು ತುಂಡು ಆಕಾಶ. ನಿಂತು ನಿಂತು ಮೂಗಿಗೆ ಟಾರಿನ ವಾಸನೆಯೂ ಬಂತು. ಗ್ರೀಟ್ ಅದು ನನ್ನ ಅಂಗಿಯದೇ ಎಂದಳು. ನನ್ನನ್ನು ಹುಡುಕಿದೆ. ಮೂತಿಯ ಮೇಲೆ ಸೊಂಟಕ್ಕೆ ಕೈಯಿಟ್ಟವನು ಯಾರೂ ಇಲ್ಲ. ಕೆಳಗೆ ಹಗ್ಗ ಎಳೆಯುವ ಆಳುಗಳ ಸಾಲಿನಲ್ಲಿ ಕೊನೆಯವನು, ಬೆನ್ನು ಮಾತ್ರ ಕಾಣುವವನು, ಪ್ಯಾಂಟಿನ ಹಿಂಭಾಗದಲ್ಲಿ ಚಿಕ್ಕಮ್ಮ ಹಾಕಿದ ಚೌಕದ ತೇಪೆ. ನೌಕಾಸೇನಾಪತಿಯ ಹಿಂಭಾಗ! ಗ್ರೀಟ್ ನಕ್ಕು ನಕ್ಕು ಬೆಂಚಿನ ಮೇಲೆ ಕೂತಳು.

ಆಮೇಲೆ ನಾನು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ನೀಲಿ ಪಟ್ಟಿಯ ಮೇಲೆ ಹೆಬ್ಬೆರಳು ಅಡ್ಡ ಹಿಡಿದೆ. ಚಿತ್ರ ಸತ್ತಿತು. ತೆಗೆದೆ, ಎದ್ದು ಕೂತಿತು. ಹಿಡಿದೆ, ಸತ್ತಿತು. ತೆಗೆದೆ. ಕಾವಲುಗಾರ ಬಂದು, "ಆ ಆಂಟ್‌ವರ್ಪ್ ದಣಿ ವಾರಕ್ಕೊಂದ್ಸಲ ಬಂದು ಹಿಂಗೇ ಮಾಡ್ತಾರೆ. ನೀಲಿ ಹೋದ್ರೆ ನಂಗೆ ಈ ಚಿತ್ರಾನೂ ಬೇಡ, ಎಂಟೂ ಬೇಡ ಅಂದವ್ರೆ. ಆದ್ರೂ ಆ ಹುಡುಗಿ ಬಿಳಿ ಬಳೀತೀನಿ ಅಂತಾಳಂತೆ. ಹುಚ್ಚಿ" ಎಂದ.

ಸಭ್ಯವಾದ ಕಾಗದ ಎಂದರೆ ಇದೋ?

ನೀಲಿ ಮುಟ್ಟಬೇಡ. ನನ್ನ ಆಳುಗಳ ಚಿಂತೆ ನಿನಗೆ ಬೇಡ. ನಿನ್ನೆ ಬಂದವನೇ ಎಲ್ಲರನ್ನೂ ದಡದಲ್ಲಿ ಸೇರಿಸಿ, ಬ್ರಸೆಲ್ಸ್‌ನಲ್ಲಿ ನೀಲಿ ಎಂದರೆ ಮದುವೆಯ ಬಣ್ಣ, ಚಿತ್ರ ಬರೆದದ್ದು ಬ್ರಸೆಲ್ಸ್‌ನಲ್ಲಿ, ಆದ್ದರಿಂದ ಅಲ್ಲಿಯ ಕಾನೂನೇ ನಡೆಯುವುದು ಎಂದು ವಿವರಿಸಿದೆ. ನನ್ನ ಮಾತಿನ ಬಲ ನಿನಗೆ ಗೊತ್ತಲ್ಲ. ತೂನಿಸ್ ಕಣ್ಣೊರೆಸಿಕೊಂಡು ಚೀಲ ಹೊತ್ತು ತಂದ. ಸೋಮವಾರ ಹೊರಡುತ್ತೇವೆ. ಎಲ್ಲ ಸರಿಹೋಯಿತು.

ಕ್ರೈನ್


ಬ್ರಸೆಲ್ಸ್, ಸೆಪ್ಟೆಂಬರ್ ೨೩, ೧೮೮೩

ಪ್ರೀತಿಯ ಚಿಕ್ಕಪ್ಪ,

ಚಿತ್ರ ಆಂಟ್‌ವರ್ಪ್ ಸೇರಿತು, ನೀಲಿ ಪಟ್ಟಿಯೊಡನೆ. ಜುಟ್‌ಫೆನ್ ಶಾಲೆಗೆ ಬರಲಾಗದು ಎಂದು ತಿಂಗಳ ಹಿಂದೆಯೇ ಬರೆದು ಹಾಕಿದೆ. ಬರೆಯುವಾಗ ನನಗೇ ತಿಳಿಯದೆ ಹಾಡು ಹೇಳುತ್ತಿದ್ದೆ. ಮೊದಲ ಹೊಸ ಚಿತ್ರಕ್ಕೆ ಬಟ್ಟೆ ಬಿಗಿದಿದ್ದೇನೆ. ನೀವು ಹೇಳಿದ ಪ್ಲಮ್ ಹಣ್ಣಿನ ವಿಷಯಕ್ಕೆ ನಾಚಿಕೆಯಾಯಿತು. ನಿಮ್ಮ ಬೆನ್ನು ಬರೆದದ್ದಕ್ಕೆ ನಾಚಿಕೆಯಿಲ್ಲ. ಆ ತೀರದಲ್ಲಿ ಅಷ್ಟು ಮಾತನಾಡುವ ಬೆನ್ನು ಇನ್ನೊಂದಿಲ್ಲ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ತೂನಿಸ್ ನನಗೂ ಗೊತ್ತು. ಹಾಲು ಬಿಳಿ ಎಂದರೂ ಹಸುವನ್ನು ಕೇಳಿ ಬರುವವರು ಅವರು. ಅವರು ಮದುವೆಯ ಬಣ್ಣದ ಕಥೆ ನಂಬಿ ಕಣ್ಣೊರೆಸಿಕೊಂಡರೇ? ಬ್ರಸೆಲ್ಸ್‌ನಲ್ಲಿ ಮದುವೆಗೆ ನೀಲಿ ಯಾರೂ ಉಡುವುದಿಲ್ಲ, ಚಿಕ್ಕಪ್ಪ.

ನೀವು ಮೀನಿನೊಡನೆ ಹಿಂತಿರುಗಿದ ಕೂಡಲೇ ಈ ಕಾಗದವನ್ನು ಚಿಕ್ಕಮ್ಮನ ಮುಂದೆ ಜೋರಾಗಿ ಓದಿ. ಲೇಂಡರ್ಟ್ ಬೇಡ, ನೀವೇ. ಒಂದು ಸಾಲೂ ಬಿಡಬೇಡಿ. ಬಿಟ್ಟರೆ ಅವರಿಗೆ ಗೊತ್ತಾಗುತ್ತದೆ.

ಅಲೀಡಾ


ಕಾಟ್‌ವೈಕ್, ಅಕ್ಟೋಬರ್ ೭, ೧೮೮೩

ಪ್ರೀತಿಯ ಅಲೀಡಾ,

ಓದಿದೆ, ಜೋರಾಗಿಯೇ. ಮದುವೆಯ ಬಣ್ಣದ ಸಾಲು ಬಂದಾಗ ನಿನ್ನ ಚಿಕ್ಕಮ್ಮ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದಳು.

"ಏನಂದೆ? ಇನ್ನೊಂದ್ಸಲ ಓದು."

ಓದಿದೆ.

"ಮದುವೆ ಬಣ್ಣ! ಹಂಗಂತ ಬರೆದ್ಯಾ ಮಗೀಗೆ? ತಗೋ ಲೇಖನಿ. ನಾನು ಹೇಳ್ತೀನಿ, ನೀನು ಬರಿ."

"ಮೀನು ಉಪ್ಪಿಗೆ ಹಾಕ್ಬೇಕು..."

"ದೋಣಿ ಯಾರ್ದು?"

ಆದ್ದರಿಂದ ಬರೆಯುತ್ತಿದ್ದೇನೆ. ಒಡತಿಯ ಅಪ್ಪಣೆ.

ಅವಳು ಹೇಳುವುದು ಹೀಗೆ: "ಅಲೀಡಾ, ಇವನು ಹೇಗ್‌ನಿಂದ ಬಂದ ದಿನ ಊಟ ಮಾಡ್ಲಿಲ್ಲ. ಮಾತೂ ಆಡ್ಲಿಲ್ಲ, ನಂಗೆ ನಿಜವಾಗ್ಲೂ ಈಗ ಸತ್ತ ಅಂತ ಭಯ ಆಯ್ತು. ಬೆಳಗಾದ್ಮೇಲೆ ನನ್ನ ಕೈ ಹಿಡ್ಕೊಂಡು ಪಟ್ಟಣದ ಕಚೇರಿಗೆ ಕರ್ಕೊಂಡ್ಹೋದ. ಗುಮಾಸ್ತನ ಮುಂದೆ ನಿಂತು, ದೋಣಿ ನೇಲ್ಚೆ ಹೆಸರಿಗೆ ಬರಿ ಅಂದ. ಗುಮಾಸ್ತ, ಯಾಕೆ, ನಿನಗೇನಾಯ್ತು ಅಂದ. ಇವನು, ನಾನು ಸತ್ತೋದೆ, ಕಾಫಿ ಕುಡಿದು ಬನ್ನು ತಿಂದು ಆಗೈತೆ, ನೀನೂ ಎರಡು ತಿಂದಿದ್ದೀಯ ಅಂದ." ಮೂರು ತಿಂದಿದ್ದ. ಇದು ನಾನು ಸೇರಿಸಿದ್ದು.

"ಆಮೇಲೆ ತೂನಿಸ್ ಹತ್ರ ಹೋಗಿ, ಒಡೆಯ ಹೋಗ್ಬೇಕು ಅಂದ್ಯಲ್ಲ, ಹೋದ, ಈಗ ಒಡತಿ ಇದ್ದಾಳೆ, ಚುಕ್ಕಾಣಿಗೆ ನೀನಿದ್ದೀಯ, ನಿನಗೆ ಹಗ್ಗ ಎಳೆಯೋಕೆ ಒಬ್ಬ ಆಳು ಬೇಕೇನು ಅಂತ ಕೇಳ್ದ. ತೂನಿಸ್ ಇವನನ್ನ ತಲೆಯಿಂದ ಕಾಲ್ವರೆಗೂ ನೋಡ್ದ. ವಯಸ್ಸಾಗೈತೆ, ಬಾಯಿ ಜಾಸ್ತಿ, ಆದ್ರೂ ಬಾ ಅಂದ."

ಹೌದು, ಹೀಗೆಯೇ ಆಯಿತು. ದೋಣಿಯ ಪಟ್ಟಿಗೆ ನಿಜವಾಗಿಯೂ ನೀಲಿ ಬಳಿದೆವು, ಸತ್ತ ಒಡೆಯನಿಗೆ ಒಂದು ವರ್ಷದ ಮರ್ಯಾದೆ ಸಲ್ಲಬೇಕಲ್ಲ. ಮೂತಿಯ ಮೇಲಿದ್ದ ‘ಯುವಕ ಕ್ರೈನ್’ ಕೆರೆದು ತೆಗೆದದ್ದು ನಾನೇ. ಬೇರೆಯವರ ಕೈಗೆ ಕೊಡಲಿಲ್ಲ. ಆ ಮಧ್ಯಾಹ್ನ ಮಾತ್ರ ಗಾಳಿ ಸ್ವಲ್ಪ ಕಣ್ಣಿಗೆ ಹೊಡೆಯುತ್ತಿತ್ತು. ಈಗ ಅಲ್ಲಿ ‘ನೇಲ್ಚೆ’ ಎಂದಿದೆ. ಅಕ್ಷರ ಸಣ್ಣದಾಯಿತು ಎಂದು ಎರಡು ಸಲ ಬರೆಸಿದಳು, ಓದು ಬಾರದವಳು!

"ಬರಿ, ಬಿಡಬೇಡ," ಎನ್ನುತ್ತಿದ್ದಾಳೆ. "ಅಲೀಡಾ, ಇದನ್ನ ಓದಿ ಅಳಬೇಡ. ಇಪ್ಪತ್ತು ವರ್ಷದಿಂದ ಇವನು, ನನ್ನ ದೋಣಿ, ನನ್ನ ದೋಣಿ ಅಂತಿದ್ದ. ಬಲೆ ಹೆಣೆದೋಳು ನಾನು, ಹಾಯಿ ಹೊಲಿದೋಳು ನಾನು. ಈಗ ಗುಮಾಸ್ತನ ಪುಸ್ತಕಾನೂ ಅದನ್ನೇ ಹೇಳುತ್ತೆ. ನೀನು ನೀಲಿ ಬಳೀದೆ ಇದ್ದಿದ್ರೆ ಆ ಪುಸ್ತಕ ಯಾವತ್ತೂ ಬಾಯಿ ಬಿಡ್ತಿರ್ಲಿಲ್ಲ."

ಅವಳು ಇದನ್ನು ನನಗೆ ಎಂದೂ ಹೇಳಿರಲಿಲ್ಲ. ಬಲೆ, ಹಾಯಿ ಎಲ್ಲ ನಿಜವೇ. ನನ್ನ ಬಡಾಯಿಯ ನಡುವೆ ಹೇಳಲು ಸಂದಿ ಸಿಕ್ಕಿರಲಿಕ್ಕಿಲ್ಲ.

ಮೀನು ಚೆನ್ನಾಗಿ ಬಿತ್ತು. ಒಡತಿ ನನಗೆ ಹೊಸ ಭಾನುವಾರದ ಪ್ಯಾಂಟು ಹೊಲಿಸಿದ್ದಾಳೆ. ನಿನ್ನದು ಬೇಡ.

ದಿವಂಗತ
ಕ್ರೈನ್ ಹಾಸ್‌ನೋಟ್


ಬ್ರಸೆಲ್ಸ್, ಅಕ್ಟೋಬರ್ ೧೨, ೧೮೮೩

ಪ್ರೀತಿಯ ಚಿಕ್ಕಪ್ಪ,

ಚಿಕ್ಕಮ್ಮನ ಮಾತು ಮೀರಿ ಅತ್ತುಬಿಟ್ಟೆ. ಬರುವ ಬೇಸಿಗೆಗೆ ಬರುತ್ತೇನೆ. ಎಂಟನೆಯ ಚಿತ್ರವನ್ನು ಅಲ್ಲಿಗಾಗಿಯೇ ಉಳಿಸಿಟ್ಟಿದ್ದೇನೆ. ಈ ಸಲ ನಿಮ್ಮನ್ನು ದೋಣಿಯ ಮೂತಿಯ ಮೇಲೆ ನಿಲ್ಲಿಸುತ್ತೇನೆ, ಸೊಂಟಕ್ಕೆ ಕೈಯಿಟ್ಟು. ಗುರುಗಳು ಏನಾದರೂ ಅನ್ನಲಿ.

ಅಲೀಡಾ


ಕಾಟ್‌ವೈಕ್, ಜೂನ್ ೮, ೧೮೮೪

ಪ್ರೀತಿಯ ಅಲೀಡಾ,

ನಿನ್ನ ಏಳು ಚಿತ್ರಗಳನ್ನು ಆಂಟ್‌ವರ್ಪ್‌ನಲ್ಲಿ ಸಾಲಾಗಿ ತೂಗುಹಾಕಿದ್ದಾರಂತೆ, ಪತ್ರಿಕೆಯಲ್ಲಿ ಬಂದದ್ದನ್ನು ಲೇಂಡರ್ಟ್ ಇಡೀ ಊರಿಗೆ ಓದಿದ. ‘ಕಡಲತೀರದ ಹಾಸ್‌ನೋಟ್’ ಎಂದು ಬರೆದಿದ್ದಾರೆ. ಅದು ನಾನೇ ಎಂದುಕೊಂಡವರನ್ನು ಎರಡು ದಿನ ತಿದ್ದಲಿಲ್ಲ.

ನೀನು ಬರುವ ಮೊದಲೇ ಒಂದು ಎಚ್ಚರಿಕೆ. ನಿನ್ನ ಚಿತ್ರ ನೋಡಿದ ಪಟ್ಟಣದ ಚಿತ್ರಕಾರರೆಲ್ಲ ಈ ಬೇಸಿಗೆ ಇಲ್ಲಿಗೇ ಬಂದಿದ್ದಾರೆ. ದಡದ ತುಂಬ ಛತ್ರಿಗಳು, ಮಳೆ ಬಿದ್ದ ಮೇಲೆ ಅಣಬೆ ಎದ್ದ ಹಾಗೆ. ಪ್ರತಿಯೊಬ್ಬರೂ ಕಂಡ ದೋಣಿಗೆಲ್ಲ ನೀಲಿ ಪಟ್ಟಿ ಬಳಿಯುತ್ತಿದ್ದಾರೆ! ಅವರ ಚಿತ್ರ ನೋಡಿದವರು ಕಾಟ್‌ವೈಕ್‌ನಲ್ಲಿ ಒಬ್ಬ ಗಂಡಸೂ ಉಳಿದಿಲ್ಲ ಎಂದುಕೊಂಡಾರು. ಗ್ರೀಟ್ ಬುಟ್ಟಿ ಹಿಡಿದು ಛತ್ರಿಯಿಂದ ಛತ್ರಿಗೆ ಓಡುತ್ತಾಳೆ: "ಏಯ್, ನನ್ ಗಂಡ ಬದುಕವ್ನೆ! ಬಿಳಿ ಮಾಡು! ಬಿಳಿ ಮಾಡೋ!" ಬೇರೆ ಊರಿನವರಿಗೆ ಅವಳ ಮಾತು ಅರ್ಥವಾಗುವುದಿಲ್ಲ, ಅವಳನ್ನೂ ಚಿತ್ರದಲ್ಲಿ ಬರೆದುಕೊಳ್ಳುತ್ತಾರೆ.

ನಮ್ಮ ದೋಣಿಗೆ ವರ್ಷವಾಗಲು ಇನ್ನೂ ಸ್ವಲ್ಪ ದಿನವಿದೆ. ಆದರೆ ತೂನಿಸ್, ಬನ್ನು ತಿಂದ ದಿನದಿಂದ ಲೆಕ್ಕ ಹಿಡಿದರೆ ಜುಲೈ ನಡುವೆಯೇ ಮುಗಿಯುತ್ತದೆ, ಬಿಳಿ ಬಳಿದ ಮೇಲೆಯೇ ಹೆರಿಂಗ್‌ಗೆ ಹೊರಡುವುದು ಎಂದು ತೀರ್ಮಾನ ಕೊಟ್ಟಿದ್ದಾನೆ. ಬಿಳಿ ಬಳಿಯುವ ದಿನ ನೀನು ಇಲ್ಲಿರಬೇಕು. ಮೊದಲ ಕುಂಚ ನಿನ್ನದು ಎಂದು ಒಡತಿ ಹೇಳಿದ್ದಾಳೆ. ‘ನೇಲ್ಚೆ’ ಎಂಬುದು ಮಾತ್ರ ಇಗರ್ಜಿಯ ಆ ಬಾಗಿಲಿನಿಂದ ಈ ಬಾಗಿಲಿಗೆ ಕಾಣಬೇಕಂತೆ. ಈ ಮಾತನ್ನು ಅವಳು ಎಲ್ಲಿ ಕಲಿತಳೋ.

ಇನ್ನು ನನ್ನನ್ನು ಮೂತಿಯ ಮೇಲೆ ನಿಲ್ಲಿಸುವ ವಿಷಯ. ಬಹಳ ಯೋಚಿಸಿದೆ. ಬೇಡ. ಅಲ್ಲಿ ಒಡತಿಯನ್ನು ನಿಲ್ಲಿಸು, ಸೊಂಟಕ್ಕೆ ಕೈಯಿಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ನನ್ನನ್ನು ಹಗ್ಗದ ಸಾಲಿನಲ್ಲಿ, ಹೋದ ಸಲ ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸು. ಆಳು ಎಲ್ಲಿ ನಿಲ್ಲಬೇಕೋ ಅಲ್ಲೇ ನೀನು ನಿಲ್ಲಿಸಿದ್ದೆ. ನಾನು ಅಲ್ಲಿಗೆ ಬಂದು ತಲುಪಲು ಸ್ವಲ್ಪ ತಡವಾಯಿತು, ಅಷ್ಟೇ.

ಪ್ಯಾಂಟು ಮಾತ್ರ ಹೊಸದು ಬರೆ. ತೇಪೆ ಬೇಡ.

ಕ್ರೈನ್
ಆಳು, ‘ನೇಲ್ಚೆ’, ಕಾಟ್‌ವೈಕ್ ೧೯